ಕಾಡು ಉಳಿಸಿದ ಕೈಯೇ ಕಾಡು ಕಡಿಸಿದ್ದು ಹೇಗೆ? ನ್ಯೂಜಿಲೆಂಡಿನ ಎರಡು ಬಗೆಯ ಕಾಯ್ದಿರಿಸಿದ ಜಮೀನು

ಓದುಗರ ಪ್ರಶ್ನೆ: ನ್ಯೂಜಿಲೆಂಡಿನ ಹಳೆಯ ಸರ್ಕಾರಿ ಗೆಜೆಟ್‌ಗಳಲ್ಲಿ, ಮೊದಲ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ, ಪ್ರಕೃತಿ ದೃಶ್ಯಗಳ ರಕ್ಷಣೆಗೆಂದು ಸರ್ಕಾರಿ ಜಮೀನನ್ನು ಕಾಯ್ದಿರಿಸಿದ ಅಧಿಸೂಚನೆಗಳೂ ಯುದ್ಧದಿಂದ ಮರಳಿದ ಸೈನಿಕರಿಗೆ ಹಂಚಲೆಂದು ಕಾಯ್ದಿರಿಸಿದ ಅಧಿಸೂಚನೆಗಳೂ ಕಾಣಸಿಗುತ್ತವೆ. ಕಾಡನ್ನು ಉಳಿಸುವುದಕ್ಕೂ ಅಂಥದೇ ಕಾಡನ್ನು ಕಡಿದು ಹೊಲ ಮಾಡಿಸುವುದಕ್ಕೂ ಒಂದೇ ಸರ್ಕಾರ ಜಮೀನು ಎತ್ತಿಟ್ಟಿದ್ದು ಹೇಗೆ? ಇದರಲ್ಲಿ ವೈರುಧ್ಯ ಇರಲಿಲ್ಲವೇ?

ಉತ್ತರ: ವೈರುಧ್ಯ ಖಂಡಿತ ಇತ್ತು. ಆದರೆ ಆಗಿನ ಆಡಳಿತಕ್ಕೆ ಅದು ವೈರುಧ್ಯವಾಗಿ ತೋರಲಿಲ್ಲ, ಏಕೆಂದರೆ ಎರಡೂ ನಿರ್ಧಾರಗಳ ಹಿಂದೆ ಇದ್ದದ್ದು ಒಂದೇ ಲೆಕ್ಕಾಚಾರ. ಈ ನೆಲ ಯಾವುದಕ್ಕೆ ಬರುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಸರ್ವೆಯವರು ಪ್ರತಿ ತುಂಡು ಭೂಮಿಯ ಮುಂದೆ ಇಡುತ್ತಿದ್ದರು. ಉಳುಮೆಗೂ ಕುರಿ ಮೇವಿಗೂ ಬಾರದ ಕಡಿದಾದ ಇಳಿಜಾರಾಗಿದ್ದು, ನದಿಯಿಂದಲೋ ರಸ್ತೆಯಿಂದಲೋ ರೈಲಿನಿಂದಲೋ ಪ್ರವಾಸಿಗರ ಕಣ್ಣಿಗೆ ಬೀಳುವಂತಿದ್ದರೆ ಅದು ‘ದೃಶ್ಯ’ವಾಗುತ್ತಿತ್ತು, ಅದರ ಹಿಂದೆ, ಕಣ್ಣಿಗೆ ಬೀಳದ ಕಣಿವೆಯಲ್ಲಿ, ಹುಲ್ಲು ಬೆಳೆಯಬಹುದೆಂಬ ಆಸೆ ಹುಟ್ಟಿಸುವ ನೆಲವಿದ್ದರೆ ಅದು ‘ಹಿಡುವಳಿ’ಯಾಗುತ್ತಿತ್ತು. ಈ ಲೆಕ್ಕದಲ್ಲಿ ಕಾಡಿಗೆ ಕಾಡಾಗಿಯೇ ಇರುವ ಬೆಲೆ ಇರಲಿಲ್ಲ. ಆ ನೆಲ ಮೊದಲು ಯಾರದಾಗಿತ್ತು ಎಂಬ ಪ್ರಶ್ನೆಗೂ ಜಾಗವಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದೇ.

ಮೊದಲು ದೃಶ್ಯ ಸಂರಕ್ಷಣೆಯ ಕಡೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನ್ಯೂಜಿಲೆಂಡಿನ ಉತ್ತರ ದ್ವೀಪದ ದಟ್ಟ ಮಳೆಕಾಡನ್ನು ಕಡಿದು, ಒಣಗಿಸಿ, ಬೆಂಕಿ ಹಚ್ಚಿ, ಬೂದಿಯ ಮೇಲೆ ಹುಲ್ಲಿನ ಬೀಜ ಚೆಲ್ಲಿ ಕುರಿ ಸಾಕುವುದೇ ಪ್ರಗತಿಯ ದಾರಿಯೆಂದು ಬಹುತೇಕ ಎಲ್ಲರೂ ನಂಬಿದ್ದರು. ಆದರೆ ಬೆಂಕಿ ಹೊಳೆಯ ಅಂಚಿಗೂ ರಸ್ತೆಯ ಬದಿಗೂ ಬಂದು ಮುಟ್ಟಿದಾಗ, ಸುಟ್ಟ ಮೋಟು ಮರಗಳ ಸಾಲನ್ನು ನೋಡಲು ಯಾವ ಪ್ರವಾಸಿಗ ಬಂದಾನು ಎಂಬ ಅಳುಕು ಶುರುವಾಯಿತು. ಡನೀಡಿನ್, ತರನಾಕಿ ಮೊದಲಾದ ಕಡೆ ಊರಿನವರೇ ಸಂಘ ಕಟ್ಟಿಕೊಂಡು ಕಾಡಿನ ತುಂಡುಗಳನ್ನು ಉಳಿಸಲು ಒತ್ತಾಯಿಸತೊಡಗಿದರು. ಸಂಸತ್ತಿನಲ್ಲಿ ಕ್ರೈಸ್ಟ್‌ಚರ್ಚ್‌ನ ಹ್ಯಾರಿ ಎಲ್ ಇದೇ ಮಾತನ್ನು ಪಟ್ಟು ಹಿಡಿದು ಆಡಿದರು. 1901ರಲ್ಲಿ ಸರ್ಕಾರ ಪ್ರವಾಸೋದ್ಯಮಕ್ಕೆಂದೇ ಒಂದು ಇಲಾಖೆ ತೆರೆಯಿತು. 1903ರಲ್ಲಿ, ರಿಚರ್ಡ್ ಸೆಡನ್ ಪ್ರಧಾನಿಯಾಗಿದ್ದಾಗ, ದೃಶ್ಯ ಸಂರಕ್ಷಣಾ ಕಾಯ್ದೆ ಬಂತು. ಸುಂದರ ತಾಣಗಳು, ಬಿಸಿನೀರಿನ ಬುಗ್ಗೆಗಳು, ಚಾರಿತ್ರಿಕ ಸ್ಥಳಗಳು ಈ ಮೂರನ್ನೂ ಕಾಯ್ದಿರಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಸರ್ಕಾರಿ ಜಮೀನನ್ನು ಮಾತ್ರವಲ್ಲ, ಖಾಸಗಿ ಭೂಮಿಯನ್ನೂ ಅಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳ ಭೂಮಿಯನ್ನೂ ಸಾರ್ವಜನಿಕ ಕಾಮಗಾರಿಗೆ ಸ್ವಾಧೀನ ಮಾಡಿಕೊಳ್ಳುವ ರೀತಿಯಲ್ಲೇ ತೆಗೆದುಕೊಳ್ಳಲು ಅದರಲ್ಲಿ ಅವಕಾಶವಿತ್ತು.

ತಾಣಗಳನ್ನು ಆರಿಸಲು 1904ರಲ್ಲಿ ಒಂದು ಆಯೋಗ ನೇಮಕವಾಯಿತು. ಅದರ ಅಧ್ಯಕ್ಷ ಪರ್ಸಿ ಸ್ಮಿತ್, ಅದಕ್ಕೆ ಮುಂಚೆ ದೇಶದ ಸರ್ವೇಯರ್ ಜನರಲ್ ಆಗಿದ್ದವರು. ಕಾಡನ್ನು ಹಿಡುವಳಿಗಳಾಗಿ ಅಳೆದು ಹಂಚಿದ ಇಲಾಖೆಯ ಮುಖ್ಯಸ್ಥರಾಗಿದ್ದವರೇ ಯಾವ ಕಾಡು ಉಳಿಯಬೇಕು ಎಂಬುದನ್ನೂ ಹೇಳುವ ಸ್ಥಾನಕ್ಕೆ ಬಂದರು. ಇದನ್ನು ಅವರ ಮೇಲಿನ ಆರೋಪವಾಗಿ ನಾನು ಹೇಳುತ್ತಿಲ್ಲ, ಅವರಿಗೆ ಈ ನೆಲದ ಪರಿಚಯ ಆಳವಾಗಿಯೇ ಇತ್ತು. ಆದರೆ ಆಯ್ಕೆಯ ಒಳದೃಷ್ಟಿ ಎಲ್ಲಿಂದ ಬಂತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆಯೋಗದಲ್ಲಿ ತುನುಯಿಅರಂಗಿ ಎಂಬ ಒಬ್ಬ ಮಾವೋರಿ ಮುಖಂಡರೂ ಇದ್ದರು. 1906ರಲ್ಲಿ ಆಯೋಗವನ್ನು ತೆಗೆದು ಅಧಿಕಾರಿಗಳ ಮಂಡಳಿಯೊಂದನ್ನು ಕೂಡಿಸಲಾಯಿತು. ಅದೇ ವರ್ಷದ ತಿದ್ದುಪಡಿ ಮಾವೋರಿ ಭೂಮಿಯನ್ನು ಈ ಕಾಯ್ದೆಯ ಹಿಡಿತದಿಂದ ಹೊರಗಿಟ್ಟಿತಾದರೂ, 1910ರ ತಿದ್ದುಪಡಿ ಆ ಅಧಿಕಾರವನ್ನು ಮತ್ತೆ ತಂದಿತು.

ಇನ್ನು ಸೈನಿಕರ ಕಡೆ. ಸುಮಾರು ಹನ್ನೊಂದು ಲಕ್ಷ ಜನಸಂಖ್ಯೆಯ ಆ ಪುಟ್ಟ ದೇಶದಿಂದ ಸುಮಾರು ಒಂದು ಲಕ್ಷ ಮಂದಿ ಸಮುದ್ರದಾಚೆಗಿನ ಯುದ್ಧಕ್ಕೆ ಹೋದರು. ಸುಮಾರು 18,000 ಮಂದಿ ಸತ್ತರು. ಗ್ಯಾಲಿಪೊಲಿಯ ಕಾಳಗ ಇನ್ನೂ ಮುಗಿಯದಿದ್ದ 1915ರಲ್ಲೇ, ವಿಲಿಯಂ ಮ್ಯಾಸಿ ಪ್ರಧಾನಿಯಾಗಿದ್ದಾಗ, ಸೇವೆಯಿಂದ ಬಿಡುಗಡೆಯಾದ ಸೈನಿಕರ ನೆಲೆಸುವಿಕೆ ಕಾಯ್ದೆ ಜಾರಿಯಾಯಿತು. ಸರ್ಕಾರಿ ಜಮೀನನ್ನು ಅಧಿಸೂಚನೆಯ ಮೂಲಕ ಸೈನಿಕರಿಗೆಂದೇ ಎತ್ತಿಡುವುದು, ‘ಸಾಮಾನ್ಯ’ ಮತ್ತು ‘ವಿಶೇಷ’ ಎಂಬ ಎರಡು ಬಗೆಯ ಹಿಡುವಳಿ ಷರತ್ತುಗಳಲ್ಲಿ ಅದನ್ನು ಕೊಡುವುದು, ಅರ್ಜಿದಾರರು ಹೆಚ್ಚಾದರೆ ಚೀಟಿ ಎತ್ತುವುದು, ಬೇಲಿಗೂ ಮನೆಗೂ ಜಾನುವಾರಿಗೂ ಸಾಲ ಕೊಡುವುದು, ಇದು ಯೋಜನೆಯ ಚೌಕಟ್ಟು. 1917ರ ತಿದ್ದುಪಡಿಯ ನಂತರ ಖಾಸಗಿಯವರಿಂದ ಜಮೀನು ಕೊಳ್ಳಲೂ ಸಾಲ ಸಿಗತೊಡಗಿತು. ಆಗ ಭೂಮಿಯ ಬೆಲೆ ಏರಿತು, ಬೆಲೆ ಏರಿದಾಗಲೇ ಸೈನಿಕರು ಸಾಲ ಮಾಡಿ ಕೊಂಡರು, 1921ರ ಹೊತ್ತಿಗೆ ಉಣ್ಣೆ, ಮಾಂಸ ಮುಂತಾದವುಗಳ ಬೆಲೆ ಕುಸಿದುಬಿತ್ತು. ಕಂತು ಕಟ್ಟಲಾಗದೆ ಎಷ್ಟೋ ಮಂದಿ ಜಮೀನು ಬಿಟ್ಟುಹೋದರು. 1923ರಲ್ಲಿ ಸರ್ಕಾರವೇ ಜಮೀನುಗಳ ಮೌಲ್ಯವನ್ನು ಮರುಪರಿಶೀಲಿಸಿ ತಗ್ಗಿಸುವ ಏರ್ಪಾಡು ಮಾಡಬೇಕಾಯಿತು.

ನೀವು ನೋಡಿದ ಅಧಿಸೂಚನೆಗಳ ಒಡಲನ್ನು ಸ್ವಲ್ಪ ಹತ್ತಿರದಿಂದ ಗಮನಿಸಿ. ದೃಶ್ಯಕ್ಕಾಗಲಿ, ಸೈನಿಕರಿಗಾಗಲಿ, ಒಕ್ಕಣೆಯ ಅಚ್ಚು ಹೆಚ್ಚುಕಡಿಮೆ ಒಂದೇ. ಯಾವ ಕಾಯ್ದೆಯ ಯಾವ ಕಲಮಿನಡಿ ಗವರ್ನರ್ ಈ ಘೋಷಣೆ ಮಾಡುತ್ತಿದ್ದಾರೆ ಎಂಬ ಪೀಠಿಕೆ, ಆಮೇಲೆ ಅನುಸೂಚಿ, ಅದರಲ್ಲಿ ಸೆಕ್ಷನ್ ಸಂಖ್ಯೆ, ಬ್ಲಾಕ್ ಸಂಖ್ಯೆ, ಸರ್ವೆ ಜಿಲ್ಲೆಯ ಹೆಸರು, ಎಕರೆ–ರೂಡ್–ಪರ್ಚ್‌ಗಳಲ್ಲಿ ವಿಸ್ತೀರ್ಣ, ಚೆಕ್ಕುಬಂದಿ, ಕೊನೆಗೆ ವೆಲಿಂಗ್ಟನ್ನಿನ ಭೂಮಿ ಮತ್ತು ಸರ್ವೆ ಇಲಾಖೆಯ ಕಚೇರಿಯಲ್ಲಿರುವ ಇಂಥ ನಕ್ಷೆಯಲ್ಲಿ ಕೆಂಪು ಅಂಚು ಎಳೆದು ತೋರಿಸಿದ ಜಾಗ ಎಂಬ ಮಾತು. ನಾಲ್ಕು ರೂಡಿಗೆ ಒಂದು ಎಕರೆ, ನಲವತ್ತು ಪರ್ಚಿಗೆ ಒಂದು ರೂಡ್. ಅಂದರೆ ನಮ್ಮ ಪಹಣಿಯ ಲೆಕ್ಕದಲ್ಲಿ ಒಂದು ರೂಡ್ ಹತ್ತು ಗುಂಟೆ, ನಾಲ್ಕು ಪರ್ಚ್ ಒಂದು ಗುಂಟೆ. ಗುಂಟೆಯ ಕಾಲು ಭಾಗದವರೆಗೆ ಅಳೆದು ಬರೆದ ಈ ಪಟ್ಟಿಯಲ್ಲಿ ಅಲ್ಲಿ ಯಾವ ಮರಗಳಿದ್ದವು, ಯಾರು ಮೀನು ಹಿಡಿಯುತ್ತಿದ್ದರು, ಯಾರ ಹಿರಿಯರ ಸಮಾಧಿ ಇತ್ತು ಎಂಬುದರ ಸುಳಿವು ಸಾಮಾನ್ಯವಾಗಿ ಸಿಗುವುದಿಲ್ಲ.

ಇವೆರಡೂ ಬಗೆಯ ಕಾಯ್ದಿರಿಸುವಿಕೆ ಒಂದಕ್ಕೊಂದು ತಾಗಿಕೊಂಡು ನಿಂತಿರುವುದನ್ನು ನೋಡಬೇಕಾದರೆ ಉತ್ತರ ದ್ವೀಪದ ವಾಂಗನುಯಿ ನದಿಯ ಕಣಿವೆಗಿಂತ ಒಳ್ಳೆಯ ಜಾಗವಿಲ್ಲ. 1890ರ ದಶಕದ ಆರಂಭದಿಂದಲೇ ಅಲೆಕ್ಸಾಂಡರ್ ಹ್ಯಾಟ್ರಿಕ್ ಎಂಬ ಉದ್ಯಮಿ ಈ ನದಿಯಲ್ಲಿ ಉಗಿದೋಣಿಗಳನ್ನು ಓಡಿಸಿದರು. ಪಿಪಿರಿಕಿ ಎಂಬ ಹಳ್ಳಿಯಲ್ಲಿ ಪ್ರವಾಸಿಗರಿಗೆ ದೊಡ್ಡ ಹೋಟೆಲಿತ್ತು. ನದಿಗೆ ‘ನ್ಯೂಜಿಲೆಂಡಿನ ರೈನ್’ ಎಂಬ ಹೆಸರು ಬಿತ್ತು. ದೋಣಿಯಲ್ಲಿ ಕುಳಿತವರಿಗೆ ಕಾಣುವುದು ಎರಡು ದಡಗಳು: ಜರೀಗಿಡಗಳು ಜೋತುಬಿದ್ದ ಕಡಿದಾದ ಗೋಡೆಗಳು, ಅವುಗಳ ಮೇಲೆ ಕಾಡು. ಹಾಗಾಗಿ ನದಿಯ ದಡದುದ್ದಕ್ಕೂ ತುಂಡು ತುಂಡಾಗಿ ದೃಶ್ಯ ಮೀಸಲುಗಳು ಹುಟ್ಟಿಕೊಂಡವು. ಇವುಗಳಲ್ಲಿ ಸಾಕಷ್ಟು ಭಾಗ ಮಾವೋರಿಗಳ ಕೈಯಲ್ಲಿ ಉಳಿದಿದ್ದ ಭೂಮಿ. ನದಿಯಂಚಿನ ಆ ನೆಲವೇ ಅವರಿಗೆ ಊರು, ಗೆಣಸಿನ ತೋಟ, ಹಾವುಮೀನು ಹಿಡಿಯುವ ಕಟ್ಟೆ, ಹಿರಿಯರನ್ನು ಹೂಳಿದ ಜಾಗ. ದೃಶ್ಯವನ್ನು ಕಾಪಾಡುವ ಹೆಸರಿನಲ್ಲಿ ಅದನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡದ್ದರ ದೂರು ಅಂದಿನಿಂದಲೂ ಇದೆ. ಮುಂದೆ, ಮಾವೋರಿಗಳ ದೂರುಗಳನ್ನು ವಿಚಾರಿಸುವ ವೈತಂಗಿ ನ್ಯಾಯಮಂಡಳಿಯ ಮುಂದೆಯೂ ಅದು ಬಂತು. ಕಾಡನ್ನು ಸುಟ್ಟವರು ಬೇರೆ, ಕಾಡಿನ ರಕ್ಷಣೆಗಾಗಿ ನೆಲ ಕಳೆದುಕೊಂಡವರು ಬೇರೆ. ಈ ಅನ್ಯಾಯವನ್ನು ಬಿಟ್ಟು ದೃಶ್ಯ ಸಂರಕ್ಷಣೆಯ ಕಥೆಯನ್ನು ಹೇಳಲು ಬರುವುದಿಲ್ಲ.

ಮಾವೋರಿಗಳು ಪ್ರಕೃತಿ ರಕ್ಷಣೆಗೆ ಒಲ್ಲೆನೆಂದವರಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಇದೇ ಸೀಮೆಯ ಪೂರ್ವಕ್ಕಿರುವ ಟೊಂಗರಿರೊ ಪರ್ವತಗಳ ಶಿಖರಗಳನ್ನು 1887ರಲ್ಲಿ ಸರ್ಕಾರಕ್ಕೆ ಒಪ್ಪಿಸಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನಕ್ಕೆ ಬುನಾದಿ ಹಾಕಿದವರು ತೂಫರೆತೋವಾ ಜನರ ಮುಖಂಡ ಹೊರೊನುಕು ತೆ ಹೆಉಹೆಉ.

ಈಗ ದಡವನ್ನು ಬಿಟ್ಟು ಒಳಕ್ಕೆ ಹೋಗೋಣ. ನದಿಯ ಪೂರ್ವಕ್ಕೆ, ವೈಮರಿನೊ ಎಂಬ ನಾಲ್ಕು ಲಕ್ಷ ಎಕರೆಗೂ ಮಿಕ್ಕ ಭೂಮಿಯನ್ನು ಸರ್ಕಾರ 1880ರ ದಶಕದಲ್ಲಿ ಮಾವೋರಿಗಳಿಂದ ಕೊಂಡಿತ್ತು. ಆ ಖರೀದಿ ನಡೆದ ರೀತಿಯ ಬಗ್ಗೆಯೂ ದೊಡ್ಡ ತಕರಾರುಗಳಿವೆ. ಅದೇ ದಿಕ್ಕಿನಲ್ಲಿ ನದಿಗೆ ಬಂದು ಸೇರುವ ಮಂಗಪುರುವಾ ತೊರೆಯ ಕಣಿವೆಯನ್ನೂ ಪಕ್ಕದ ಕೈವಾಕೌಕಾ ಕಣಿವೆಯನ್ನೂ ಯುದ್ಧ ಮುಗಿಯುವ ಹೊತ್ತಿಗೆ ಸೈನಿಕರಿಗೆ ತೆರೆಯಲಾಯಿತು. ಎರಡೂ ಸೇರಿ ನಲವತ್ತಕ್ಕೂ ಹೆಚ್ಚು ಹಿಡುವಳಿಗಳು. ರಸ್ತೆಯಿಲ್ಲ; ಸಾಮಾನು ಬರಬೇಕಾದರೆ ನದಿಯ ದೋಣಿಯೇ ಗತಿ. ಮರ ಕಡಿದು ಸುಟ್ಟು ಹುಲ್ಲು ಬಿತ್ತಿದರು, ಮನೆ ಕಟ್ಟಿದರು, ಮದುವೆಯಾದರು, ಶಾಲೆ ಶುರುವಾಯಿತು. 1919ರಲ್ಲಿ ತೊರೆಯ ಕಮರಿಯ ಮೇಲೆ ಮರದ ತೂಗುಸೇತುವೆಯೊಂದು ಬಂತು.

ಆ ನೆಲದ ಗುಣವನ್ನು ಯಾರೂ ಸರಿಯಾಗಿ ತೂಗಿರಲಿಲ್ಲ. ಅಲ್ಲಿಯ ಜನ ‘ಪಾಪಾ’ ಎಂದು ಕರೆಯುವ ಮೆದುವಾದ ಮಣ್ಣುಕಲ್ಲಿನ ಬೆಟ್ಟಗಳು ಅವು. ಮರದ ಬೇರು ಹಿಡಿದಿರುವ ತನಕ ನಿಲ್ಲುತ್ತವೆ, ಬೇರು ಕೊಳೆತ ಮೇಲೆ ಮಳೆಗೆ ಜಾರುತ್ತವೆ. ಮೊದಲ ಕೆಲವು ವರ್ಷ ಬೂದಿಯ ಸತ್ವದಲ್ಲಿ ಹುಲ್ಲು ಸೊಂಪಾಗಿ ಬಂತು. ಆಮೇಲೆ ಜರೀಗಿಡವೂ ಮಾನುಕಾ ಪೊದೆಯೂ ಮೇಲೆದ್ದವು, ಇಳಿಜಾರುಗಳು ಕುಸಿದವು, ಹಾದಿ ಕೊಚ್ಚಿಹೋಯಿತು. ಉಣ್ಣೆಯ ಬೆಲೆ ಬಿದ್ದದ್ದು ಇದರ ಜೊತೆಗೆ ಸೇರಿಕೊಂಡಿತು. ಒಬ್ಬೊಬ್ಬರಾಗಿ ಕುಟುಂಬಗಳು ಹೊರಟವು. ಬಹಳ ಕಾಲ ಕೇಳಿದ ಮೇಲೆ 1936ರಲ್ಲಿ ತೊರೆಯ ಮೇಲೆ ಕಾಂಕ್ರೀಟಿನ ಸೇತುವೆ ಕಟ್ಟಿ ಮುಗಿಸಿದಾಗ, ಅದನ್ನು ದಾಟಬೇಕಾದವರಲ್ಲಿ ಹೆಚ್ಚಿನವರು ಊರು ಬಿಟ್ಟಾಗಿತ್ತು. 1942ರ ಆರಂಭದಲ್ಲಿ ಪ್ರವಾಹ ರಸ್ತೆಯನ್ನು ಹಾಳುಮಾಡಿತು. ಇನ್ನು ದುರಸ್ತಿ ಮಾಡುವುದಿಲ್ಲವೆಂದು ಸರ್ಕಾರ ತಿಳಿಸಿತು. ಕೊನೆಗುಳಿದಿದ್ದ ಮೂರು ಕುಟುಂಬಗಳು ಅದೇ ವರ್ಷದ ಮೇ ತಿಂಗಳ ಹೊತ್ತಿಗೆ ಹೊರಬಿದ್ದವು. ‘ಎಲ್ಲಿಗೂ ಹೋಗದ ಸೇತುವೆ’ ಎಂದು ಇಂದು ಪ್ರವಾಸಿಗರು ನೋಡಲು ಹೋಗುವುದು ಇದನ್ನೇ. ಆ ಹೆಸರು ಕೇಳಿ ನಗುವವರಿದ್ದಾರೆ. ಆದರೆ ಕಂದಕಗಳಲ್ಲಿ ವರ್ಷಗಟ್ಟಲೆ ಕಳೆದು ಬಂದವರು, ಸರ್ಕಾರದ ಮಾತು ನಂಬಿ ತಮ್ಮ ಯೌವನವನ್ನು ಅಲ್ಲಿ ಸುರಿದರು ಎಂಬುದನ್ನು ನೆನೆದರೆ ನನಗೆ ನಗು ಬರುವುದಿಲ್ಲ. ಆ ಜಮೀನು ಅವರಿಗೆ ದೇಶ ಕೊಟ್ಟ ಕೃತಜ್ಞತೆಯಾಗಿರಬೇಕಿತ್ತು. ಬೇರೆ ಯಾರಿಗೂ ಬೇಡವಾಗಿದ್ದ ನೆಲವನ್ನು ಕೃತಜ್ಞತೆಯ ಹೆಸರಿನಲ್ಲಿ ಕೊಟ್ಟದ್ದೇ ಅಲ್ಲಿ ನಡೆದ ತಪ್ಪು.

ಎಲ್ಲ ಕಡೆಯೂ ಹೀಗೇ ಆಯಿತೆಂದು ತಿಳಿಯಬೇಕಾಗಿಲ್ಲ. ಒಳ್ಳೆಯ ನೆಲ ಸಿಕ್ಕಿದ ಸೈನಿಕರಲ್ಲಿ ಅನೇಕರು ಕಷ್ಟದ ವರ್ಷಗಳನ್ನು ದಾಟಿ ನೆಲೆನಿಂತರು, ಅವರ ಮೊಮ್ಮಕ್ಕಳು ಈಗಲೂ ಬೇಸಾಯ ಮಾಡುತ್ತಿರುವ ಕಡೆಗಳಿವೆ. ಎರಡನೆಯ ಮಹಾಯುದ್ಧದ ನಂತರ ಇದೇ ಬಗೆಯ ಯೋಜನೆ ಮತ್ತೆ ಬಂದಾಗ, ತರಬೇತಿಗೂ ಜಮೀನಿನ ಆಯ್ಕೆಗೂ ಹೆಚ್ಚಿನ ಗಮನ ಕೊಡಲಾಯಿತು. ಮೊದಲ ಯೋಜನೆಯಲ್ಲಿ ಮಾವೋರಿ ಸೈನಿಕರಿಗೆ ಕಾಗದದ ಮೇಲೆ ಅಡ್ಡಿಯಿರಲಿಲ್ಲ. ಆದರೆ ಅವರಿಗೆ ತಮ್ಮ ಕುಲದ ಭೂಮಿ ಇದ್ದೇ ಇದೆಯಲ್ಲ ಎಂಬ ಭಾವನೆಯಿಂದಾಗಿ ಲಾಭ ತಲುಪಿದ್ದು ಬಹಳ ಕಡಿಮೆ ಮಂದಿಗೆ. ಮಾವೋರಿ ಸೈನಿಕರಿಗೆಂದು ಮಾವೋರಿ ಕುಲಗಳೇ ಒವಾಒಕೊ ಎಂಬಲ್ಲಿಯ ಭೂಮಿಯನ್ನು ಸರ್ಕಾರಕ್ಕೆ ದಾನ ಮಾಡಿದ ಪ್ರಸಂಗವೂ ಇದೆ.

ನಿಮ್ಮ ಪ್ರಶ್ನೆಗೆ ಕಾಲವೇ ಕೊಟ್ಟ ಇನ್ನೊಂದು ಉತ್ತರವೂ ವಾಂಗನುಯಿಯಲ್ಲಿದೆ. ಬಿಟ್ಟುಹೋದ ಹೊಲಗಳನ್ನು ಕಾಡು ಮೆಲ್ಲಗೆ ಮರಳಿ ಆವರಿಸಿತು. 1986ರಲ್ಲಿ ವಾಂಗನುಯಿ ರಾಷ್ಟ್ರೀಯ ಉದ್ಯಾನ ರಚನೆಯಾದಾಗ, ದೃಶ್ಯಕ್ಕಾಗಿ ಉಳಿಸಿದ ದಡಗಳೂ ಸೈನಿಕರು ತೊರೆದ ಮಂಗಪುರುವಾ ಕಣಿವೆಯೂ ಒಂದೇ ಗಡಿಯೊಳಗೆ ಬಂದವು. 2017ರಲ್ಲಿ ಸಂಸತ್ತು ಪರ್ವತದಿಂದ ಸಮುದ್ರದವರೆಗಿನ ನದಿಯನ್ನು ‘ತೆ ಅವಾ ತುಪುಆ’ ಎಂಬ ಹೆಸರಿನಲ್ಲಿ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿಯೆಂದು ಒಪ್ಪಿಕೊಂಡಿತು.

ಹಳೆಯ ಅಧಿಸೂಚನೆಯೊಂದು ಮತ್ತೆ ನಿಮ್ಮ ಕೈಗೆ ಸಿಕ್ಕಿದರೆ, ಮೊದಲು ಅದು ಯಾವ ಕಾಯ್ದೆಯನ್ನು ಉಲ್ಲೇಖಿಸುತ್ತದೆ ಎಂದು ನೋಡಿ. ಭೂ ಕಾಯ್ದೆಯಡಿ ‘ತಾತ್ಕಾಲಿಕ’ವಾಗಿ ಕಾಯ್ದಿರಿಸಿದ ಜಮೀನಿಗೆ ಮುಂದೆ ಶಾಶ್ವತ ಕಾಯ್ದಿರಿಸುವಿಕೆಯ ಬೇರೆ ಅಧಿಸೂಚನೆ ಬೇಕಾಗುತ್ತಿತ್ತು, ಆದ್ದರಿಂದ ಒಂದೇ ಪ್ರಕಟಣೆ ಓದಿ ಆ ಜಾಗ ಉಳಿಯಿತೆಂದು ತೀರ್ಮಾನಿಸಬಾರದು. ಅನುಸೂಚಿಯಲ್ಲಿರುವ ಬ್ಲಾಕಿನ ಹೆಸರನ್ನು ಹಿಡಿದು ಹಿಂದಕ್ಕೆ ಹೋದರೆ ಆ ಭೂಮಿ ಸರ್ಕಾರದ ಕೈಗೆ ಯಾರಿಂದ, ಖರೀದಿಯಿಂದಲೋ ಮುಟ್ಟುಗೋಲಿನಿಂದಲೋ ಸ್ವಾಧೀನದಿಂದಲೋ, ಬಂತೆಂಬುದು ತಿಳಿಯುತ್ತದೆ. ಸೆಕ್ಷನ್ ಸಂಖ್ಯೆಯನ್ನು ಹಿಡಿದು ಮುಂದಕ್ಕೆ ಹೋದರೆ, ಕಾಯ್ದಿರಿಸುವಿಕೆಯನ್ನು ರದ್ದುಮಾಡಿದ ಅಥವಾ ಉದ್ದೇಶ ಬದಲಿಸಿದ ಪ್ರಕಟಣೆಗಳು ಎಷ್ಟೋ ಬಾರಿ ಸಿಗುತ್ತವೆ.