ವರ್ಜೀನಿಯಾ ಕಂಪನಿಯ ಷೇರು: ‘ಅಡ್ವೆಂಚರರ್’ ಅಂದರೆ ಯಾರು?

ಹದಿನೇಳನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ವಸಾಹತು ಕಟ್ಟಲು ಹೊರಟ ಇಂಗ್ಲೆಂಡಿನ ವರ್ಜೀನಿಯಾ ಕಂಪನಿಯ ಬಗ್ಗೆ ಓದುವಾಗ, ಎರಡು ದಿನ ನನ್ನನ್ನು ಆಟ ಆಡಿಸಿದ್ದು ಒಂದೇ ಪದ, ‘ಅಡ್ವೆಂಚರರ್’. ಹಡಗು ಹತ್ತಿದ ಸಾಹಸಿ ಅಂತಲೇ ಓದಿಕೊಂಡು ಹೋದೆ. ಒಂದಕ್ಕೊಂದು ತಾಳೆ ಆಗಲೇ ಇಲ್ಲ. ಆ ಕಾಲದಲ್ಲಿ ಅಡ್ವೆಂಚರರ್ ಅಂದರೆ ದುಡ್ಡು ಹಾಕಿದವನು. ಅವನು ಲಂಡನ್ನಿನಲ್ಲೇ ಆರಾಮಾಗಿ ಕೂತಿರಬಹುದು. ಹಡಗು ಹತ್ತಿ ಹೋಗಿ ನೆಲೆಸುವವನು ‘ಪ್ಲಾಂಟರ್’. ಒಬ್ಬ ಪಣಕ್ಕಿಟ್ಟಿದ್ದು ಹಣ, ಇನ್ನೊಬ್ಬ ಜೀವ.

ಹಿನ್ನೆಲೆ ಚಿಕ್ಕದು. 1606ರಲ್ಲಿ ಕಂಪನಿಗೆ ರಾಜನ ಸನ್ನದು, 1607ರಲ್ಲಿ ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್ ಅನ್ನುವ ನೆಲೆ. ಚಿನ್ನ ಸಿಗಲಿಲ್ಲ, ದುಡ್ಡು ಸಾಲಲಿಲ್ಲ. 1609ರಲ್ಲಿ ಹೊಸ ಸನ್ನದು ಪಡೆದು, ಷೇರುಗಳನ್ನು ಸಾರ್ವಜನಿಕರಿಗೇ ಮಾರಲು ಹೊರಟರು.

ಒಂದು ಷೇರಿಗೆ 12 ಪೌಂಡ್ 10 ಶಿಲ್ಲಿಂಗ್. ಇದನ್ನು 12.10 ಅಂತ ಓದಬೇಡಿ, ನಾನು ಹಾಗೇ ಓದಿ ಕೆಟ್ಟೆ. ಪೌಂಡಿಗೆ 20 ಶಿಲ್ಲಿಂಗ್, ಆದ್ದರಿಂದ ಇದು ಹನ್ನೆರಡೂವರೆ ಪೌಂಡ್, ಅಂದರೆ 250 ಶಿಲ್ಲಿಂಗ್. ದಿನಕ್ಕೊಂದು ಶಿಲ್ಲಿಂಗ್ ದುಡಿಯುವವನಿಗೆ 250 ದಿನದ ಕೂಲಿ. ಅಷ್ಟು ಇಲ್ಲದವರಿಗೂ ದಾರಿ ಇತ್ತು. ಸ್ವತಃ ಹೋಗಿ ನೆಲೆಸಿದರೆ ತಲೆಗೊಂದು ಷೇರು. ಹೆಂಗಸರಿಗೂ ಉಂಟು, ಹತ್ತು ವರ್ಷ ದಾಟಿದ ಮಕ್ಕಳಿಗೂ ಉಂಟು! ಒಂದು ತಲೆಗೆ ಎಷ್ಟು ಬೆಲೆ ಕಟ್ಟಿದ್ದರು ಅಂತ ಇಲ್ಲೇ ಗೊತ್ತಾಗುತ್ತದೆ.

ಪ್ರತಿಫಲ ಏನು? ಏಳು ವರ್ಷ ಎಲ್ಲ ಗಳಿಕೆ ಒಂದೇ ಗಂಟು, ಆಮೇಲೆ ಜಮೀನು ಹಂಚಿಕೆ. 1609ರ ‘ನೋವಾ ಬ್ರಿಟಾನಿಯಾ’ ಕರಪತ್ರ ಷೇರಿಗೆ ಕಡಿಮೆ ಅಂದರೂ 500 ಎಕರೆ ಅಂತ ಅಂಗೈಯಲ್ಲೇ ಅರಮನೆ ತೋರಿಸಿತು. 1616ರಲ್ಲಿ ಮೊದಲ ಹಂಚಿಕೆ ಬಂದಾಗ ಷೇರಿಗೆ 50 ಎಕರೆ. ಅದಕ್ಕೂ ಇನ್ನೊಮ್ಮೆ 12 ಪೌಂಡ್ 10 ಶಿಲ್ಲಿಂಗ್ ಕೇಳಿದರು. ಬ್ರೋಷರ್ ನೋಡಿ ಸೈಟ್ ಕೊಂಡವರಿಗೆ ಈ ಸಂಕಟ ವಿವರಿಸಬೇಕಿಲ್ಲ. ಆ ಜಮೀನಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನ ಬದುಕುತ್ತಿದ್ದರು ಅನ್ನುವುದು ಹಂಚಿಕೆಯ ಲೆಕ್ಕಕ್ಕೇ ಬರಲಿಲ್ಲ.

ಕರಪತ್ರದ ಜೊತೆಗೆ ಚರ್ಚಿನ ಪ್ರವಚನವೂ ಪ್ರಚಾರಕ್ಕೆ ಬಂತು. ಷೇರು ಕೊಳ್ಳುವುದು ದೇವರ ಕೆಲಸ ಅನ್ನುವ ಧಾಟಿ. 1609–10ರ ಚಳಿಗಾಲದಲ್ಲಿ ಹಸಿವಿಗೆ ನೂರಾರು ಜನ ಸತ್ತು, ಜೇಮ್ಸ್‌ಟೌನ್‌ನಲ್ಲಿ ಸುಮಾರು 60 ಮಂದಿ ಉಳಿದರು. ಸುದ್ದಿ ಲಂಡನ್ ಮುಟ್ಟಿದ ಮೇಲೆ ಕಂಪನಿ ಸಮಜಾಯಿಷಿಯ ಪುಸ್ತಿಕೆ ಅಚ್ಚು ಹಾಕಿಸಿತು. ಮಾತು ಕೊಟ್ಟ ಕಂತು ಕಟ್ಟದವರ ಮೇಲೆ ಕೇಸೂ ಹಾಕಿತು.

ಕೊನೆಗೆ ದುಡ್ಡು ಎತ್ತಲು 1612ರಲ್ಲಿ ಕಂಪನಿಯ ಲಾಟರಿ. ಚೀಟಿ ಎತ್ತಿದ್ದು ಸೇಂಟ್ ಪಾಲ್ ಚರ್ಚಿನ ಪಕ್ಕದಲ್ಲೇ. ಮೊದಲ ಬಹುಮಾನ ಹೊಡೆದದ್ದು ಲಂಡನ್ನಿನ ಒಬ್ಬ ದರ್ಜಿಗೆ. 4,000 ಕ್ರೌನ್ (ಐದು ಶಿಲ್ಲಿಂಗಿನ ನಾಣ್ಯ) ಬೆಲೆಯ ಪಾತ್ರೆಗಳನ್ನು ಭರ್ಜರಿಯಾಗಿ ಅವನ ಮನೆಗೇ ಸಾಗಿಸಿದರು. ಸುಮ್ನೆ ಅಲ್ಲ, ಬೀದಿಯವರೆಲ್ಲ ನೋಡಲಿ ಅಂತಲೇ ಇರಬೇಕು.