ಓದುಗರ ಪ್ರಶ್ನೆ: ಡಿಫೆಂಡರ್‌ನ ಐದು ಕೋಟಿ ಯೂರೋ ಯಾರ ಜೇಬಿಗೆ?

ಪ್ರಶ್ನೆ: ದಕ್ಷಿಣ ಕೊರಿಯಾದ ಡಿಫೆಂಡರ್ ಕಿಮ್ ಮಿನ್-ಜೇ 2023ರಲ್ಲಿ ಇಟಲಿಯ ನಾಪೋಲಿ ಬಿಟ್ಟು ಜರ್ಮನಿಯ ಬಯರ್ನ್ ಮ್ಯೂನಿಕ್ ಸೇರಿದಾಗ ಐದು ಕೋಟಿ ಯೂರೋ ಎಂದು ವರದಿಯಾಗಿತ್ತು. ಅಷ್ಟೂ ಹಣ ಅವರಿಗೇ ಸಿಕ್ಕಿತೇ? ತೆರಿಗೆ ಕಳೆದು ಕೈಗೆ ಎಷ್ಟು ಬಂದಿರಬಹುದು?

ಉತ್ತರ: ಇಲ್ಲ, ಸಿಗಲಿಲ್ಲ. ಆಗಿನ ದರದಲ್ಲಿ ಸುಮಾರು 450 ಕೋಟಿ ರೂಪಾಯಿಯಾಗುವ ಆ ಮೊತ್ತವು ಒಂದು ಕ್ಲಬ್ ಇನ್ನೊಂದು ಕ್ಲಬ್‌ಗೆ ಕೊಟ್ಟ ಪರಿಹಾರ. ಅದು ಕಿಮ್ ಅವರ ಗಳಿಕೆಯೇ ಅಲ್ಲವಾದ್ದರಿಂದ ಅದಕ್ಕೆ ಅವರು ತೆರಿಗೆ ಕಟ್ಟುವ ಮಾತೂ ಬರುವುದಿಲ್ಲ. ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿ ಸುಮ್ಮನಾದರೆ ಮುಂದಿನ ಜುಲೈನಲ್ಲಿ ಇದೇ ಪ್ರಶ್ನೆ ಇನ್ನೊಬ್ಬ ಆಟಗಾರನ ಹೆಸರಿನಲ್ಲಿ ಮರಳಿ ಬರುತ್ತದೆ. ವರ್ಜಿಲ್ ವಾನ್ ಡೈಕ್ ಲಿವರ್‌ಪೂಲ್‌ಗೆ ಹೋದಾಗ ಬಂದಿತ್ತು, ಹ್ಯಾರಿ ಮಗ್ವಾಯರ್ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದಾಗ ಬಂದಿತ್ತು, ಮಥೈಸ್ ಡಿ ಲಿಟ್ ಕ್ಲಬ್ ಬದಲಿಸಿದಾಗಲೆಲ್ಲ ಬಂದಿದೆ. ಆದ್ದರಿಂದ ಈ ಸಲ ತುಸು ಉದ್ದವಾಗಿಯೇ ಬರೆಯುತ್ತಿದ್ದೇನೆ. ಅವಸರದವರು ಇಲ್ಲಿಗೇ ನಿಲ್ಲಿಸಬಹುದು.

ಈ ತಪ್ಪು ಕಲ್ಪನೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಲು ಕಾರಣ ಫುಟ್‌ಬಾಲ್ ಅಲ್ಲ, ಐಪಿಎಲ್. 2024ರ ನವೆಂಬರ್‌ನಲ್ಲಿ ಜೆದ್ದಾದಲ್ಲಿ ನಡೆದ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ ಲಖನೌ ತಂಡ 27 ಕೋಟಿ ರೂಪಾಯಿ ಕೂಗಿತಲ್ಲ, ಅದು ಅವರ ಒಂದು ಋತುವಿನ ಸಂಬಳ. ಅವರು ಹಿಂದೆ ಆಡುತ್ತಿದ್ದ ದೆಹಲಿ ತಂಡಕ್ಕೆ ಅದರಲ್ಲಿ ಬಿಡಿಗಾಸೂ ಹೋಗುವುದಿಲ್ಲ. ಪ್ರೊ ಕಬಡ್ಡಿಯ ಹರಾಜನ್ನೂ ನಾವು ಇದೇ ಕಣ್ಣಿನಿಂದ ನೋಡಿದ್ದೇವೆ. ಸಾಲದೆಂಬಂತೆ 2015ರಲ್ಲಿ ನಮ್ಮ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಕೂಡ ಹತ್ತು ಮಂದಿ ಭಾರತೀಯ ಫುಟ್‌ಬಾಲ್ ಆಟಗಾರರನ್ನು ಹರಾಜಿಗಿಟ್ಟು, ಸುನಿಲ್ ಛೆಟ್ರಿಯವರನ್ನು ಮುಂಬೈ ಸಿಟಿ 1.2 ಕೋಟಿ ರೂಪಾಯಿಗೆ ಪಡೆಯಿತು. ಹೀಗಾಗಿ ಆಟಗಾರನ ಹೆಸರಿನ ಮುಂದೆ ಒಂದು ಮೊತ್ತ ಕಂಡರೆ ಅದು ಅವನದೇ ಎಂದು ನಮ್ಮ ಮನಸ್ಸು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಯುರೋಪಿನ ಫುಟ್‌ಬಾಲಿನಲ್ಲಿ ಹರಾಜೇ ಇಲ್ಲ. ಅಲ್ಲಿರುವುದು ಕ್ಲಬ್ ಮತ್ತು ಆಟಗಾರನ ನಡುವಿನ ಇಂತಿಷ್ಟು ವರ್ಷಗಳ ಒಪ್ಪಂದ. ಆ ಅವಧಿ ಮುಗಿಯುವ ಮೊದಲೇ ಆಟಗಾರನನ್ನು ಬಿಡಿಸಿಕೊಳ್ಳಲು ಬಯಸುವ ಹೊಸ ಕ್ಲಬ್, ಹಳೆಯ ಕ್ಲಬ್‌ಗೆ ಆಗುವ ನಷ್ಟವನ್ನು ತುಂಬಿಕೊಡಬೇಕಾಗುತ್ತದೆ. ಹಾಗೆ ತುಂಬಿಕೊಡುವ ಹಣವೇ ವರ್ಗಾವಣೆ ಶುಲ್ಕ.

ಬೆಂಗಳೂರಿನ ಐಟಿ ಉದ್ಯೋಗಿಗಳಿಗೆ ಇದನ್ನು ತಿಳಿಸುವುದು ಸುಲಭ. ಮೂರು ತಿಂಗಳ ನೋಟಿಸ್ ಅವಧಿ ಪೂರೈಸದೆ ಹೊರಡುವ ಉದ್ಯೋಗಿಯ ಪರವಾಗಿ ಹೊಸ ಕಂಪನಿ ಹಳೆಯ ಕಂಪನಿಗೆ ಹಣ ಕಟ್ಟಿ ಬಿಡಿಸಿಕೊಂಡರೆ, ಆ ಹಣವನ್ನು ಯಾರೂ ಉದ್ಯೋಗಿಯ ಸಂಬಳವೆಂದು ಕರೆಯುವುದಿಲ್ಲ. ಸಂಬಳ ಬೇರೆ ಕಾಗದದಲ್ಲಿ ಇರುತ್ತದೆ.

ಕಿಮ್ ಅವರ ವೃತ್ತಿಜೀವನವನ್ನೇ ನೋಡಿ. 1996ರಲ್ಲಿ ಟೊಂಗ್ಯೊಂಗ್‌ನಲ್ಲಿ ಹುಟ್ಟಿದ ಅವರು ಸ್ವದೇಶದ ಜಿಯೊನ್‌ಬುಕ್ ಹ್ಯುಂಡೈ ಮೋಟರ್ಸ್ ತಂಡದಲ್ಲಿ 2017 ಮತ್ತು 2018ರಲ್ಲಿ ಆಡಿ, 2019ರಲ್ಲಿ ಚೀನಾದ ಬೀಜಿಂಗ್ ಗುವೊಆನ್‌ಗೆ, 2021ರಲ್ಲಿ ಟರ್ಕಿಯ ಫೆನರ್‌ಬಾಚೆಗೆ, 2022ರಲ್ಲಿ ನಾಪೋಲಿಗೆ ಹೋದರು. ಕಲಿದು ಕೂಲಿಬಾಲಿ ಚೆಲ್ಸಿಗೆ ಹೋಗಿ ತೆರವಾಗಿದ್ದ ಸೆಂಟರ್ ಬ್ಯಾಕ್ (ರಕ್ಷಣಾ ಸಾಲಿನ ನಡುವಿನ ಆಟಗಾರ) ಸ್ಥಾನ ತುಂಬಲು ನಾಪೋಲಿ ಅವರನ್ನು ಕರೆತಂದಾಗ ಫೆನರ್‌ಬಾಚೆಗೆ ಸುಮಾರು 1.8 ಕೋಟಿ ಯೂರೋ ಕೊಟ್ಟಿತೆಂದು ವರದಿಯಾಗಿತ್ತು. ಆ ಋತುವಿನಲ್ಲಿ ನಾಪೋಲಿ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 28 ಗೋಲುಗಳನ್ನು ಮಾತ್ರ. 33 ವರ್ಷಗಳ ನಂತರ ಇಟಲಿಯ ಲೀಗ್ ಪ್ರಶಸ್ತಿ ಆ ನಗರಕ್ಕೆ ಬಂತು, ಲೀಗಿನ ಶ್ರೇಷ್ಠ ಡಿಫೆಂಡರ್ ಎಂಬ ಗೌರವ ಕಿಮ್ ಅವರಿಗೆ ಸಂದಿತು. ಒಂದೇ ವರ್ಷದಲ್ಲಿ 1.8 ಕೋಟಿ ಐದು ಕೋಟಿಯಾಯಿತು. ಮೂರು ಕೋಟಿಗೂ ಮೀರಿದ ಆ ವ್ಯತ್ಯಾಸಕ್ಕೆ ಬೆವರು ಹರಿಸಿದವರು ಕಿಮ್, ಅದನ್ನು ಪಡೆದದ್ದು ನಾಪೋಲಿ.

ಇದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಬಯರ್ನ್ ಜೊತೆ 2028ರವರೆಗಿನ ಐದು ವರ್ಷಗಳ ಒಪ್ಪಂದಕ್ಕೆ ಕಿಮ್ ಸಹಿ ಹಾಕಿದರು. ಅವರ ಆಟದ ಬೆಲೆ ಅವರಿಗೆ ಸಿಗುವುದು ಆ ಒಪ್ಪಂದದ ಸಂಬಳದಲ್ಲಿ. ಗಾಯವಾಗಲಿ, ಫಾರ್ಮ್ ಕೈಕೊಡಲಿ, ಒಪ್ಪಂದ ಇರುವಷ್ಟು ಕಾಲ ಅದು ಬರುತ್ತಲೇ ಇರುತ್ತದೆ. 2024ರ ಏಪ್ರಿಲ್ 30ರಂದು ಚಾಂಪಿಯನ್ಸ್ ಲೀಗ್ ಸೆಮಿಫೈನಲಿನ ಮೊದಲ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ಹೊಡೆದ ಎರಡೂ ಗೋಲುಗಳಲ್ಲಿ ಅವರ ತಪ್ಪಿತ್ತು, ಕೋಚ್ ಬಹಿರಂಗವಾಗಿಯೇ ಟೀಕಿಸಿದರು. ಆದರೂ ಆ ತಿಂಗಳ ಸಂಬಳ ಕಡಿಮೆಯಾಗುವುದಿಲ್ಲ. ಕೊಟ್ಟ ಐದು ಕೋಟಿ ದಂಡವಾದರೆ ಆ ಹೊಡೆತ ಬೀಳುವುದು ಬಯರ್ನ್ ಮೇಲೆ. ಕ್ಲಬ್ ತನ್ನ ಲೆಕ್ಕಪತ್ರದಲ್ಲಿ ಈ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಹಂಚಿ, ವರ್ಷಕ್ಕೆ ಒಂದು ಕೋಟಿಯಂತೆ ಖರ್ಚು ಹಾಕಿಕೊಳ್ಳುತ್ತದೆ.

ಇನ್ನೂ ನಂಬಿಕೆ ಬಾರದವರಿಗೆ ಡೇವಿಡ್ ಅಲಾಬಾ ಅವರ ಉದಾಹರಣೆ ಸಾಕು. ಆಸ್ಟ್ರಿಯಾದ ಈ ಡಿಫೆಂಡರ್ ಬಯರ್ನ್ ಪರವಾಗಿ ಎರಡು ಚಾಂಪಿಯನ್ಸ್ ಲೀಗ್ ಗೆದ್ದ ನಂತರ, ಒಪ್ಪಂದ ಪೂರ್ತಿ ಮುಗಿಯುವವರೆಗೆ ಕಾದು, 2021ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದರು. ವರ್ಗಾವಣೆ ಶುಲ್ಕ ಸೊನ್ನೆ. ಶುಲ್ಕವೇ ಆಟಗಾರನ ಆದಾಯವಾಗಿದ್ದರೆ ಅಲಾಬಾ ಮ್ಯಾಡ್ರಿಡ್‌ನಲ್ಲಿ ಪುಕ್ಕಟೆ ಆಡಬೇಕಾಗಿತ್ತು! ವಾಸ್ತವ ಇದಕ್ಕೆ ತದ್ವಿರುದ್ಧ: ಹಳೆಯ ಕ್ಲಬ್‌ಗೆ ಕೊಡಬೇಕಾದ ಹಣ ಉಳಿಯುವುದರಿಂದ, ಶುಲ್ಕವಿಲ್ಲದೆ ಬರುವ ಆಟಗಾರ ಸಂಬಳವನ್ನೂ ಸಹಿ ಹಾಕುವಾಗಿನ ಬೋನಸನ್ನೂ ಹೆಚ್ಚಿಸಿ ಕೇಳಬಲ್ಲ. ಮರುವರ್ಷ ಆಂಟೋನಿಯೊ ರೂಡಿಗರ್ ಕೂಡ ಚೆಲ್ಸಿಯ ಒಪ್ಪಂದ ಮುಗಿಸಿಕೊಂಡು ಹೀಗೆಯೇ ಮ್ಯಾಡ್ರಿಡ್‌ಗೆ ಬಂದರು.

ಹೀಗೆ ಬರಲು ಸಾಧ್ಯವಾದದ್ದು ಒಂದು ತೀರ್ಪಿನಿಂದ. ಬೆಲ್ಜಿಯಂನ ಜೀನ್-ಮಾರ್ಕ್ ಬೋಸ್ಮನ್ ಅವರ ಒಪ್ಪಂದ 1990ರಲ್ಲಿ ಮುಗಿದಿದ್ದರೂ ಅವರ ಲಿಯೇಜ್ ಕ್ಲಬ್ ಫ್ರಾನ್ಸಿನ ಡಂಕರ್ಕ್ ತಂಡದಿಂದ ಶುಲ್ಕ ಬೇಕೆಂದು ಹಟ ಹಿಡಿದದ್ದರಿಂದ ವರ್ಗಾವಣೆ ಮುರಿದುಬಿತ್ತು. ಅವರು ನ್ಯಾಯಾಲಯಕ್ಕೆ ಹೋದರು. ಒಪ್ಪಂದ ಮುಗಿದ ಮೇಲೆ ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಓಡಾಡುವ ಆಟಗಾರನಿಗೆ ಶುಲ್ಕ ಕೇಳುವಂತಿಲ್ಲ ಎಂದು ಐರೋಪ್ಯ ನ್ಯಾಯಾಲಯ 1995ರ ಡಿಸೆಂಬರ್ 15ರಂದು ತೀರ್ಪಿತ್ತಿತು.

ನನ್ನ ವಾದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ಒಂದು ದೇಶವಿದೆ, ಅದನ್ನೂ ಮುಚ್ಚಿಡಬಾರದು. ಸ್ಪೇನ್‌ನಲ್ಲಿ 1985ರ ರಾಜಾಜ್ಞೆಯೊಂದರ ಪ್ರಕಾರ, ಒಪ್ಪಂದದಲ್ಲಿ ನಮೂದಿಸಿದ ಬಿಡುಗಡೆ ಮೊತ್ತವನ್ನು ಕಟ್ಟಿ ಹೊರಬರುವವನು ಆಟಗಾರನೇ. 2018ರ ಜನವರಿಯಲ್ಲಿ ಫ್ರಾನ್ಸಿನ ಡಿಫೆಂಡರ್ ಎಮೆರಿಕ್ ಲಪೋರ್ಟ್ ಅಥ್ಲೆಟಿಕ್ ಬಿಲ್ಬಾವೊ ಬಿಟ್ಟು ಮ್ಯಾಂಚೆಸ್ಟರ್ ಸಿಟಿ ಸೇರಿದಾಗ 6.5 ಕೋಟಿ ಯೂರೋ ಬಿಡುಗಡೆ ಮೊತ್ತ ಹೀಗೆ ಪಾವತಿಯಾಯಿತು. ಹಣ ಹೊಸ ಕ್ಲಬ್ಬಿನದು, ಕಾನೂನಿನ ದೃಷ್ಟಿಯಲ್ಲಿ ಕಟ್ಟುವವನು ಆಟಗಾರ, ಕೊನೆಗೆ ಸೇರುವುದು ಹಳೆಯ ಕ್ಲಬ್ಬಿಗೆ. ಅಂದರೆ ಅಲ್ಲಿಯೂ ಈ ಹಣ ಆಟಗಾರನ ಹೆಸರಿನಿಂದ ಹೊರಹೋಗುತ್ತದೆಯೇ ಹೊರತು ಅವನ ಖಾತೆಗೆ ಬಂದು ಉಳಿಯುವುದಿಲ್ಲ. ನಿಜವಾದ ವಿನಾಯಿತಿ ಇರುವುದು ಅದೇ ರಾಜಾಜ್ಞೆಯ ಇನ್ನೊಂದು ವಿಧಿಯಲ್ಲಿ: ಎರಡು ಕ್ಲಬ್‌ಗಳು ಪರಸ್ಪರ ಒಪ್ಪಿ ವರ್ಗಾವಣೆ ಮಾಡಿಕೊಂಡರೆ ಶುಲ್ಕದ ಕನಿಷ್ಠ ಶೇ 15 ಆಟಗಾರನಿಗೆ ಸಲ್ಲಬೇಕು. ಅರ್ಜೆಂಟೀನಾದಲ್ಲಿಯೂ ಇಂಥದೇ ಶೇ 15ರ ನಿಯಮವಿದೆ. ಆಟಗಾರರು ಮಾತುಕತೆಯಲ್ಲಿ ಈ ಪಾಲನ್ನು ಬಿಟ್ಟುಕೊಡುವುದೂ ಉಂಟು. ವಾದಕ್ಕೆ ಕೂರುವವರು ಈ ಶೇ 15 ಹಿಡಿದುಕೊಂಡು ಬರಲಿ, ಸಂತೋಷವಾಗಿ ಒಪ್ಪುತ್ತೇನೆ. ಪೂರ್ತಿ ನೂರನ್ನು ಹಿಡಿದುಕೊಂಡು ಬರುವುದನ್ನು ಮಾತ್ರ ಇನ್ನಾದರೂ ನಿಲ್ಲಿಸಿದರೆ ಸಾಕು.

ತೆರಿಗೆಯ ಬಗ್ಗೆ ಕೇಳಿದ್ದರಿಂದ ಒಂದು ಮಾತು. ಇಟಲಿಯ ಪತ್ರಿಕೆಗಳು ಆಟಗಾರರ ಸಂಬಳವನ್ನು ತೆರಿಗೆ ಕಳೆದು ಬರೆಯುವುದು ರೂಢಿ, ಜರ್ಮನಿ ಮತ್ತು ಇಂಗ್ಲೆಂಡಿನವರು ತೆರಿಗೆ ಸೇರಿಸಿಯೇ ಬರೆಯುತ್ತಾರೆ. ಜರ್ಮನಿಯಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಶೇ 45. ಹೀಗಿರುವಾಗ ನಾಪೋಲಿಯ ಅಂಕಿಯನ್ನೂ ಬಯರ್ನ್‌ನ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಸಂಬಳ ಇಷ್ಟು ಪಟ್ಟು ಹೆಚ್ಚಾಯಿತೆಂದು ಹೇಳುವ ಲೆಕ್ಕಗಳನ್ನು ನಂಬಬೇಡಿ.

ಯಾರೂ ಕೇಳದ, ಆದರೆ ಕೇಳಲೇಬೇಕಾಗಿದ್ದ ಇನ್ನೊಂದು ಪ್ರಶ್ನೆಯಿದೆ. ಐದು ಕೋಟಿಯಷ್ಟೂ ನಾಪೋಲಿಗೆ ಹೋಗುತ್ತದೆಯೇ? ಅದೂ ಇಲ್ಲ. ಒಪ್ಪಂದದ ನಡುವೆ ಆಟಗಾರ ದೇಶದಿಂದ ದೇಶಕ್ಕೆ ಹೋದಾಗ, ಫಿಫಾ ನಿಯಮದಂತೆ ಶುಲ್ಕದ ಶೇ 5ನ್ನು ಮುರಿದುಕೊಂಡು, ಅವನು 12ರಿಂದ 23 ವರ್ಷದವರೆಗೆ ಯಾವ ಯಾವ ಕ್ಲಬ್‌ಗಳಲ್ಲಿ ನೋಂದಾಯಿತನಾಗಿದ್ದನೋ ಅವುಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಪ್ರತಿ ಋತುವಿಗೆ ಶುಲ್ಕದ ಶೇ 0.25, 16ರಿಂದ 23ರವರೆಗಿನ ಪ್ರತಿ ಋತುವಿಗೆ ಶೇ 0.5. ಐದು ಕೋಟಿಯ ಲೆಕ್ಕದಲ್ಲಿ ಎರಡು ಋತು ಆಡಿಸಿದ ಜಿಯೊನ್‌ಬುಕ್‌ಗೆ ಐದು ಲಕ್ಷ ಯೂರೋ ಸಲ್ಲುತ್ತದೆ. ಅದಕ್ಕೂ ಮುಂಚೆ ಕಿಮ್ ಆಡಿದ್ದು ಗ್ಯೊಂಗ್‌ಜು ಊರಿನ ತಂಡದಲ್ಲಿ; ಅದು ಕೊರಿಯಾದ ಜಲ ಮತ್ತು ಅಣು ವಿದ್ಯುತ್ ಕಂಪನಿ ನಡೆಸುತ್ತಿದ್ದ ತಂಡ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳ ಕಾಲವನ್ನು ಕಂಡವರಿಗೆ ಇಂಥ ಕಾರ್ಖಾನೆ ತಂಡ ಅಪರಿಚಿತವೇನಲ್ಲ. ಅಂಥ ತಂಡಕ್ಕೂ ನಿಯಮದಲ್ಲಿ ಪಾಲಿದೆ. ಈ ಪಾಲು ಒಂದೇ ಬಾರಿಗೆ ಮುಗಿಯುವುದೂ ಇಲ್ಲ: ಆಟಗಾರ ಶುಲ್ಕದೊಂದಿಗೆ ದೇಶ ಬದಲಿಸಿದಾಗಲೆಲ್ಲ, ಅವನಿಗೆ ಮೂವತ್ತು ದಾಟಿದ್ದರೂ, ಬಾಲ್ಯದ ಕ್ಲಬ್‌ಗೆ ಮತ್ತೆ ಮತ್ತೆ ಸಲ್ಲುತ್ತದೆ.

ಇಲ್ಲಿಯೇ ಅಲಾಬಾ ಅವರ ಸೊನ್ನೆಯ ಇನ್ನೊಂದು ಮುಖ ಕಾಣುತ್ತದೆ. ಸೊನ್ನೆಯ ಶೇ 5 ಸೊನ್ನೆಯೇ. ಅವರನ್ನು ಬೆಳೆಸಿ 2008ರಲ್ಲಿ ಬಯರ್ನ್‌ಗೆ ಕಳುಹಿಸಿದ ಆಸ್ಟ್ರಿಯಾ ವೀನ್ ಕ್ಲಬ್‌ಗೆ ಮ್ಯಾಡ್ರಿಡ್‌ನ ಆ ದೊಡ್ಡ ವರ್ಗಾವಣೆಯಿಂದ ಈ ಬಾಬ್ತಿನಲ್ಲಿ ಏನೂ ಬರಲಿಲ್ಲ. ಒಪ್ಪಂದ ಮುಗಿಸಿ ಹೊರಡುವ ಸ್ವಾತಂತ್ರ್ಯ ಆಟಗಾರನಿಗೆ ಇರಲೇಬೇಕು, ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಅದರ ಬೆಲೆಯಲ್ಲಿ ಒಂದಂಶವನ್ನು ಅವನ ಮೊದಲ ಮೈದಾನ ತೆರುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ.

ಶುಲ್ಕ ಅಷ್ಟು ಏರಲು ಆಟವೊಂದೇ ಕಾರಣವೂ ಅಲ್ಲ. ಕೊರಿಯಾದ ಯುವಕರು ಸಾಮಾನ್ಯವಾಗಿ 28ರೊಳಗೆ ಸೇನೆ ಸೇರಿ ಒಂದೂವರೆ ವರ್ಷದಷ್ಟು ಸೇವೆ ಸಲ್ಲಿಸಬೇಕು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದದ್ದರಿಂದ ಕಿಮ್ ಅವರಿಗೆ ಅದು ಮೂರು ವಾರಗಳ ತರಬೇತಿ ಮತ್ತು ಸಮಾಜಸೇವೆಯ ಗಂಟೆಗಳಿಗೆ ಇಳಿಯಿತು. ಬಯರ್ನ್ ಜೊತೆಗಿನ ವ್ಯವಹಾರ ಕುದುರುತ್ತಿದ್ದ 2023ರ ಜೂನ್‌ನಲ್ಲಿ ಅವರು ತಲೆ ಬೋಳಿಸಿಕೊಂಡು ಆ ಶಿಬಿರದಲ್ಲಿದ್ದರು. ಆ ಚಿನ್ನ ಸಿಗದೇ ಹೋಗಿದ್ದರೆ, ಇನ್ನೇನು ಸೇನೆಗೆ ಹೊರಡಬೇಕಾದ ಆಟಗಾರನ ಮೇಲೆ ಐದು ಕೋಟಿ ಸುರಿಯುವ ಕ್ಲಬ್ ಸಿಗುವುದು ಕಷ್ಟವಿತ್ತು.

ನಮ್ಮವರ ಸಂಗತಿಗೆ ಬಂದರೆ, ಭಾರತದ ಡಿಫೆಂಡರ್ ಸಂದೇಶ್ ಜಿಂಗನ್ 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಕ್ಲಬ್ ಸೇರಿದ್ದು ಹಲವರಿಗೆ ನೆನಪಿದೆ. ಗಾಯದಿಂದಾಗಿ ಅಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ ಅವರು 2022ರ ಜನವರಿಯಲ್ಲಿ ಕೋಲ್ಕತ್ತದ ತಮ್ಮ ಹಳೆಯ ಕ್ಲಬ್‌ಗೆ ಮರಳಿದರು. ಅದೇ ವರ್ಷ ಬೆಂಗಳೂರು ಎಫ್‌ಸಿ ಸೇರಿ ಡ್ಯುರಾಂಡ್ ಕಪ್ ಗೆದ್ದ ತಂಡದಲ್ಲಿದ್ದರು. ನಮ್ಮ ಆಟಗಾರರು ವಿದೇಶಕ್ಕೆ ಹೋಗುವುದು ಇನ್ನೂ ಅಪರೂಪ. ಆದರೆ ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲೋ ಗೌತಮಪುರದಲ್ಲೋ ಇಂದು ಆಡುತ್ತಿರುವ ಹನ್ನೆರಡರ ಹುಡುಗನೊಬ್ಬ ಮುಂದೆ ಹಾಗೆ ಹೋದರೆ, ಅವನ ಬಡಾವಣೆಯ ಕ್ಲಬ್‌ಗೆ ಪಾಲು ಬರುವುದು ಅವನು ಅಲ್ಲಿ ಆಡಿದ್ದಕ್ಕೆ ಬಾಯಿಮಾತಿನ ಸಾಕ್ಷಿ ಇದೆಯೆಂದಲ್ಲ, ದಾಖಲೆ ಇದೆಯೆಂದು.

2022ರ ನವೆಂಬರ್‌ನಿಂದ ಈ ಹಣವನ್ನು ಪ್ಯಾರಿಸ್‌ನಲ್ಲಿರುವ ಫಿಫಾ ಕ್ಲಿಯರಿಂಗ್ ಹೌಸ್ ಹಂಚುತ್ತದೆ. ಅದು ನೋಡುವುದು ಆಟಗಾರನ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್ ಎಂಬ ನೋಂದಣಿ ಚರಿತ್ರೆಯನ್ನು. ನಮ್ಮಲ್ಲಿ ಅದರ ಮೂಲ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ನಡೆಸುವ ಕೇಂದ್ರೀಕೃತ ನೋಂದಣಿ ವ್ಯವಸ್ಥೆ. ಹುಡುಗನ ಹೆಸರನ್ನು ಹದಿನೆಂಟಾದ ಮೇಲೆ ನೋಂದಾಯಿಸಿದರೆ ಅದಕ್ಕೂ ಹಿಂದಿನ ಋತುಗಳು ಅದರಲ್ಲಿ ಕಾಣುವುದಿಲ್ಲ, ಕಾಣದ ಋತುವಿನ ಪಾಲು ಕ್ಲಬ್‌ಗೆ ಬರುವುದಿಲ್ಲ. ದಾಖಲೆಯಿದ್ದೂ ಅಷ್ಟರಲ್ಲಿ ಕ್ಲಬ್ಬೇ ಮುಚ್ಚಿಹೋಗಿದ್ದರೆ, ಆ ಪಾಲನ್ನು ಕಿರಿಯರ ಫುಟ್‌ಬಾಲ್‌ಗೆ ಬಳಸಬೇಕೆಂಬ ಷರತ್ತಿನ ಮೇಲೆ ರಾಷ್ಟ್ರೀಯ ಸಂಸ್ಥೆ ಕೇಳಿ ಪಡೆಯಬಹುದು.