ಗಾಳಿ ಉಳಿಸಿದವರ ತಲೆನೋವು

ಸ್ಕೂಬಾ ಡೈವಿಂಗ್ ಮುಗಿಸಿ ದೋಣಿ ಹತ್ತಿದ ಕೆಲವರಿಗೆ, ಬೆನ್ನಿನ ಸಿಲಿಂಡರ್ ಕಳಚುವಷ್ಟರಲ್ಲೇ ತಲೆ ಸಿಡಿಯಲು ಶುರುವಾಗುತ್ತದೆ. ಬಿಸಿಲು, ಖಾಲಿ ಹೊಟ್ಟೆ, ನಿದ್ದೆಗೇಡು ಎಂದೆಲ್ಲ ಕಾರಣ ಹುಡುಕುತ್ತಾರೆ. ಆದರೆ ನೋವು ಎರಡೂ ಕಣತಲೆಗಳಲ್ಲಿ ನಾಡಿಯ ಜೊತೆಗೇ ಮಿಡಿಯುತ್ತಿದ್ದರೆ, ಮಾತ್ರೆಗೂ ಬೇಗ ಬಗ್ಗದಿದ್ದರೆ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನೀರೊಳಗೆ ಉಸಿರಾಡಿದ್ದು ಹೇಗೆ?

20 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿದ್ದುದರ ಮೂರರಷ್ಟು. ಹಾಗಾಗಿ ಪ್ರತಿ ಉಸಿರಿಗೂ ಸಿಲಿಂಡರಿನಿಂದ ಮೂರು ಪಟ್ಟು ಗಾಳಿ ಖರ್ಚಾಗುತ್ತದೆ. ಗೇಜಿನ ಮುಳ್ಳು ಸರಸರನೆ ಇಳಿಯುವುದನ್ನು ಕಂಡ ಹೊಸಬರು ಜಿಪುಣರಾಗುತ್ತಾರೆ. ಎಳೆದ ಉಸಿರನ್ನು ಹಿಡಿದಿಟ್ಟುಕೊಳ್ಳುತ್ತಾರೆ, ಇಲ್ಲವೇ ಗುಟುಕು ಗುಟುಕಾಗಿ ಉಸಿರಾಡುತ್ತಾರೆ. ಡೈವರ್‌ಗಳು ಉಸಿರು ಹಿಡಿಯುವ ಈ ಚಾಳಿಯನ್ನು ‘ಸ್ಕಿಪ್ ಬ್ರೀದಿಂಗ್’ ಎನ್ನುತ್ತಾರೆ. ಆದರೆ ಆಳಕ್ಕಿಳಿದ ಮಾತ್ರಕ್ಕೆ ದೇಹ ತಯಾರಿಸುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದಿಲ್ಲ.

ಗುಟುಕು ಉಸಿರಿನ ನಷ್ಟವನ್ನು ಲೆಕ್ಕ ಹಾಕಿಯೇ ನೋಡಬಹುದು. ವಯಸ್ಕರು ಎಳೆಯುವ ಸುಮಾರು 500 ಮಿಲಿಲೀಟರ್ ಉಸಿರಿನಲ್ಲಿ 150 ಮಿಲಿಲೀಟರ್ ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹೊರಬೀಳುತ್ತದೆ. ನಿಮಿಷಕ್ಕೆ 12 ಸಲ ಹೀಗೆ ಉಸಿರಾಡಿದರೆ ಶ್ವಾಸಕೋಶದ ಗೂಡುಗಳಿಗೆ 4.2 ಲೀಟರ್ ಹೊಸ ಗಾಳಿ ಸಿಗುತ್ತದೆ. 250 ಮಿಲಿಲೀಟರಿನಂತೆ 24 ಸಲ ಉಸಿರಾಡಿದರೆ? ಎಳೆದ ಒಟ್ಟು ಗಾಳಿ ಅದೇ 6 ಲೀಟರ್, ಗೂಡು ಮುಟ್ಟುವುದು ಬರೀ 2.4 ಲೀಟರ್. ಬಾಯಿಗಿಟ್ಟು ಸಿಲಿಂಡರಿನ ಗಾಳಿ ಎಳೆಯುವ ಸಾಧನವಾದ ರೆಗ್ಯುಲೇಟರಿನೊಳಗಿನ ಜಾಗ ಇನ್ನಷ್ಟನ್ನು ನುಂಗುತ್ತದೆ. ಆಳದಲ್ಲಿ ಗಾಳಿಯೇ ದಟ್ಟವಾಗುವುದರಿಂದ ಅದನ್ನು ಎಳೆದು ಬಿಡುವುದೂ ಶ್ರಮದ ಕೆಲಸ. ಹೀಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಮಿಡಿಯುತ್ತದೆ. ಎದೆ ಬಿಗಿಯುವ ವೆಟ್‌ಸೂಟ್, ಪ್ರವಾಹಕ್ಕೆದುರು ಈಜು, ಮುಳುಗಲೆಂದು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟ್ ಅತಿ ಭಾರವಾಗಿರುವುದು ಇವೆಲ್ಲ ಅದಕ್ಕೆ ಒತ್ತಾಸೆ.

ಉಸಿರನ್ನು ನಿಧಾನವಾಗಿ, ಆಳವಾಗಿ ಎಳೆದುಕೊಂಡು, ಅದಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡು ಪೂರ್ತಿ ಬಿಡಬೇಕು, ನಡುವೆ ಹಿಡಿಯಬಾರದು. ಮೇಲೇರುವಾಗ ಉಸಿರು ಹಿಡಿದರೆ ಶ್ವಾಸಕೋಶವೇ ಹರಿಯಬಹುದು, ಅದರ ಮುಂದೆ ತಲೆನೋವು ಏನೂ ಅಲ್ಲ. ಗಾಳಿ ಉಳಿಸಲೇಬೇಕೆಂದಿದ್ದರೆ ಬೆಲ್ಟಿನ ತೂಕ ಸರಿಪಡಿಸಿಕೊಳ್ಳಿ, ಮೈಯನ್ನು ಅಡ್ಡವಾಗಿ ಇರಿಸಿಕೊಳ್ಳಿ, ಕಾಲು ನಿಧಾನ ಬಡಿಯಿರಿ.

ನೋವು ಹುಬ್ಬಿನ ಮೇಲೆ ಚೂರಿ ಇರಿದಂತಿದ್ದರೆ ಅದು ಬೇರೆಯೇ ಕಥೆ. ಹಣೆ, ಕೆನ್ನೆಯ ಮೂಳೆಗಳೊಳಗಿನ ಸೈನಸ್ ಎಂಬ ಟೊಳ್ಳುಗಳು ಕಿರುದಾರಿಗಳ ಮೂಲಕ ಮೂಗಿಗೆ ತೆರೆದುಕೊಂಡಿರುತ್ತವೆ. ನೆಗಡಿಯಿಂದ ಆ ದಾರಿ ಕಟ್ಟಿದರೆ ಇಳಿಯುವಾಗ ಹೊರಗಿನ ಒತ್ತಡಕ್ಕೆ ಒಳಗಿನ ಗಾಳಿ ಸರಿಗಟ್ಟುವುದಿಲ್ಲ. ಆಗ ಒಳಪೊರೆ ಊದಿಕೊಂಡು ಕೆಲವೊಮ್ಮೆ ರಕ್ತ ಸುರಿಸುತ್ತದೆ. ಮೇಲೆ ಬಂದಾಗ ಮಾಸ್ಕಿನಲ್ಲಿ ಕಾಣುವ ಕೆಂಪು ಅದೇ. ಮೊದಲ 10 ಮೀಟರಿನಲ್ಲೇ ಒತ್ತಡ ಇಮ್ಮಡಿಯಾಗುವುದರಿಂದ ಕಾಟವೂ ಅಲ್ಲೇ ಜಾಸ್ತಿ. ಮೂಗು ಬಿಡಿಸುವ ಔಷಧಿ ಹಾಕಿಕೊಂಡು ಇಳಿಯುವವರಿದ್ದಾರೆ. ನನಗದು ಜಾಣತನವಾಗಿ ಕಾಣುವುದಿಲ್ಲ. ಔಷಧಿಯ ಪ್ರಭಾವ ನೀರೊಳಗೇ ಮುಗಿದರೆ ಸೈನಸ್‌ನಲ್ಲಿ ಸಿಕ್ಕಿದ ಗಾಳಿ ಮೇಲೇರುವಾಗ ಹಿಗ್ಗಿ, ಹೊರಬರಲು ದಾರಿಯಿಲ್ಲದೆ ಒತ್ತುತ್ತದೆ. ಹಾಗಾದಾಗ ಒಂದೆರಡು ಮೀಟರ್ ಮತ್ತೆ ಇಳಿದು, ಸಾವಕಾಶವಾಗಿ ಏರುವುದೊಂದೇ ದಾರಿ. ಸಿಲಿಂಡರಿನಲ್ಲಿ ಅಷ್ಟು ಗಾಳಿ ಉಳಿದಿರಬೇಕು, ಅಷ್ಟೇ.

ಬಿಗಿ ಮಾಸ್ಕ್ ಪಟ್ಟಿ, ಮೌತ್‌ಪೀಸನ್ನು ಕಚ್ಚಿ ಹಿಡಿದು ದಣಿದ ದವಡೆ, ಮುಂದೆ ನೋಡಲು ಹಿಂದಕ್ಕೆ ಬಾಗಿಸಿದ ಕುತ್ತಿಗೆ, ತಣ್ಣೀರು, ಸಾಲದ ಕುಡಿಯುವ ನೀರು ಇವುಗಳಿಂದಲೂ ತಲೆ ನೋಯುತ್ತದೆ. ಪತ್ತೆಹಚ್ಚುವುದು ಸುಲಭ, ಸರಿಪಡಿಸುವುದೂ ಸುಲಭ.

ಒಂದೇ ಕಡೆ ತುಂಬಿಸಿದ ಸಿಲಿಂಡರ್ ಬಳಸಿದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರಂತೂ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಶಂಕಿಸಬೇಕು. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರವಾದ ಕಂಪ್ರೆಸರ್ ಗಾಳಿ ಎಳೆಯುವ ಬಾಯಿಯ ಬಳಿ ಎಂಜಿನ್ ಹೊಗೆ ಸುಳಿದರೂ, ಅದರೊಳಗಿನ ಎಣ್ಣೆ ಕಾದು ಸುಟ್ಟರೂ ಈ ಅನಿಲ ಸಿಲಿಂಡರ್ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು ಇದ್ದರೆ, 30 ಮೀಟರ್ ಆಳದಲ್ಲಿ ಅದರ ಒತ್ತಡ ನೀರಿನ ಮೇಲಿನ 80 ಪಾಲಿಗೆ ಸಮ. ಆಳದಲ್ಲಿ ಆಮ್ಲಜನಕದ ಒತ್ತಡವೂ ಹೆಚ್ಚಿರುವುದರಿಂದ ವಿಷದ ಲಕ್ಷಣ ಅಡಗಿದ್ದು, ಮೇಲೇರುತ್ತಿದ್ದಂತೆ ತಲೆದೋರಬಹುದು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಇದನ್ನು ಗುರುತಿಸದೆ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಶುದ್ಧ ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ಆ ಸಿಲಿಂಡರುಗಳನ್ನು ಖಾಲಿ ಮಾಡದೆ ಪರೀಕ್ಷೆಗೆ ಎತ್ತಿಡಬೇಕು.

ರಕ್ತ, ಅಂಗಾಂಶಗಳಲ್ಲಿ ನೈಟ್ರೋಜನ್ ಗುಳ್ಳೆ ಏಳುವ ಡಿಕಂಪ್ರೆಷನ್ ಕಾಯಿಲೆಯಲ್ಲೂ ತಲೆ ನೋಯುತ್ತದೆ, ಆದರೆ ಅದೊಂದೇ ಬರುವುದು ಅಪರೂಪ. ಕೀಲುನೋವು, ಕೈಕಾಲು ಜೋಮು, ನಿಶ್ಶಕ್ತಿ, ತಲೆಸುತ್ತು, ಚರ್ಮದ ಮೇಲೆ ಕಲೆ, ಮಾತಿನ ತೊದಲು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ, ಅಥವಾ ಮೇಲೆ ಬಂದ ಹತ್ತು ನಿಮಿಷದೊಳಗೆ ಪ್ರಜ್ಞೆ ಮಸುಕಾದರೆ, ಮಾತ್ರೆ ಕೊಟ್ಟು ಕಾಯುವ ಹೊತ್ತಲ್ಲ. ಮಲಗಿಸಿ, 100 ಶೇಕಡಾ ಆಮ್ಲಜನಕ ಹಿಡಿದು, ಹೆಚ್ಚಿನ ಗಾಳಿಯೊತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಒತ್ತಡ ಕೋಣೆಯಿರುವ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಗುಳ್ಳೆ ಕರಗಲೆಂದು ರೋಗಿಯನ್ನು ಮತ್ತೆ ನೀರಿಗಿಳಿಸಬಾರದು.